ಬಟನ್ ನೋಡಿದಿರಿ, ಟೈರಿನ ವಯಸ್ಸು ನೋಡಲಿಲ್ಲ: ಹವ್ಯಾಸಿ ರೇಸ್ ಸಂಘಟಕರಿಗೆ ಒಂದು ಬಹಿರಂಗ ಪತ್ರ

ಗೆ,
ಹವ್ಯಾಸಿ ಕಾರು ಮತ್ತು ಬೈಕ್ ರೇಸ್ ಸಂಘಟಕರು,
ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳು.

ವಿಷಯ: ರೇಸಿಗೆ ಬಿಡುವ ಮುಂಚೆ ಪ್ರತಿ ಗಾಡಿಯ ಟೈರಿನ ತಯಾರಿ ದಿನಾಂಕ ಮತ್ತು ಹವಾ ಪರೀಕ್ಷೆ ಮಾಡುವ ಬಗ್ಗೆ.

ಗೌರವಾನ್ವಿತ ಸಂಘಟಕರೇ,

ಶರಣು. ನಾನು ಕಲಬುರಗಿಯವನು. ಹುಮನಾಬಾದ್ ರಸ್ತೆಯಲ್ಲಿ ಹದಿನೆಂಟು ವರ್ಷದಿಂದ ವೀಲ್ ಅಲೈನ್‌ಮೆಂಟ್ ಅಂಗಡಿ ನಡೆಸುತ್ತಿದ್ದೇನೆ. ರೇಸಿನ ಹುಚ್ಚು ನನಗೂ ಇದೆ. ಎರಡು ಸಲ ನನ್ನ ಹಳೇ ಕಾರನ್ನೇ ಓಡಿಸಿಕೊಂಡು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಹೋಗಿ, ಆ 2.1 ಕಿ.ಮೀ. ಟ್ರ್ಯಾಕಿನಲ್ಲಿ ಸುತ್ತು ಹೊಡೆದು ಬಂದಿದ್ದೇನೆ. ಆದ್ದರಿಂದ ರೇಸ್ ನಿಲ್ಲಿಸಿ ಎಂದು ಕೇಳಲು ಈ ಪತ್ರ ಬರೆಯುತ್ತಿಲ್ಲ. ನಮ್ಮ ಭಾಗದಲ್ಲಿ ಒಂದು ಕಾಯಂ ಟ್ರ್ಯಾಕ್ ಇಲ್ಲ. ಆಸೆ ಇರುವ ಹುಡುಗರು ರಾತ್ರಿ ಹನ್ನೊಂದರ ಮೇಲೆ ರಿಂಗ್ ರೋಡಿನಲ್ಲಿ ಓಡಿಸುವುದಕ್ಕಿಂತ, ನೀವು ಹಗ್ಗ ಕಟ್ಟಿದ ಜಾಗದಲ್ಲಿ ಹಗಲಿನಲ್ಲಿ ಓಡಿಸುವುದು ಎಷ್ಟೋ ಪಾಲು ಒಳ್ಳೆಯದು. ಅದಕ್ಕೆ ನಿಮಗೆ ನಾನು ಋಣಿ. ಹಾಗಿರುವುದರಿಂದಲೇ ಈ ಮಾತನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಹೋದ ಜನವರಿಯ ಕೊನೆಯ ಭಾನುವಾರ ಊರ ಹೊರಗಿನ ಒಂದು ಲೇಔಟಿನಲ್ಲಿ ರೇಸ್ ಇತ್ತು. ಪ್ಲಾಟುಗಳು ಇನ್ನೂ ಮಾರಾಟವಾಗಿಲ್ಲ, ರಸ್ತೆ ಮಾತ್ರ ಚೆನ್ನಾಗಿತ್ತು. ಮರಳಿನ ಚೀಲ, ಬಿದಿರು, ಹಗ್ಗ ಇಟ್ಟು ಒಂದು ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ ಉದ್ದದ ಸುತ್ತು ಮಾಡಿದ್ದರು. ಬೆಳಿಗ್ಗೆ ಚಳಿ ಇತ್ತು. ಎಲ್ಲರೂ ಸುಸಲಾ, ಮಿರ್ಚಿ ತಿಂದು, ಚಹಾ ಕುಡಿದು ಖುಷಿಯಲ್ಲಿದ್ದೆವು. ಗೇಟಿನಲ್ಲಿ ಗಾಡಿಗಳ ತಪಾಸಣೆ ಆಯಿತು. ಹೆಲ್ಮೆಟ್ ನೋಡಿದರು, ಸೀಟ್ ಬೆಲ್ಟ್ ಎಳೆದು ನೋಡಿದರು, ಬ್ಯಾಟರಿ ಕ್ಲಾಂಪ್ ಅಲ್ಲಾಡಿಸಿ ನೋಡಿದರು. ಟೈರಿನ ಬಳಿ ಬಂದಾಗ, ನೆಲ ಹಿಡಿಯುವ ಉಬ್ಬು-ತಗ್ಗುಗಳಾದ ಬಟನ್ ಮೇಲೆ ಒಮ್ಮೆ ಕೈಯಾಡಿಸಿ, ‘ಭಾರಿ ಅದಾವ, ಹೋಗ್ರಿ’ ಎಂದು ಒಳಗೆ ಬಿಟ್ಟರು.

ಮಧ್ಯಾಹ್ನ ಎರಡು ಗಂಟೆ ಹೊತ್ತಿಗೆ ಆಳಂದ ಕಡೆಯ ಒಬ್ಬ ಹುಡುಗನ ಸರದಿ ಬಂತು. ಇಪ್ಪತ್ತೆರಡು ವರ್ಷದವನು, ಚೆನ್ನಾಗಿ ಓಡಿಸುತ್ತಾನೆ. ಅವತ್ತಿನ ಟ್ರ್ಯಾಕ್ ಪ್ರದಕ್ಷಿಣೆಯ ದಿಕ್ಕಿನದು. ಬಲ ತಿರುವುಗಳೇ ಜಾಸ್ತಿ, ಹಾಗಾಗಿ ಭಾರವೆಲ್ಲ ಎಡಗಡೆಯ ಟೈರುಗಳ ಮೇಲೆ ಬೀಳುತ್ತದೆ. ಏಳನೇ ಸುತ್ತಿನಲ್ಲಿ, ನೇರ ರಸ್ತೆ ಮುಗಿದು ಗಾಡಿ ಬಲಕ್ಕೆ ಹೊರಳುವ ಹೊತ್ತಿಗೆ, ಹಿಂದಿನ ಎಡ ಟೈರು ಬಿಚ್ಚಿಕೊಂಡಿತು. ನಾವು ಟೈರ್ ಒಡೆಯಿತು ಎನ್ನುತ್ತೇವಲ್ಲ, ಇದು ಆ ಥರ ಅಲ್ಲ. ಢಂ ಎನ್ನುವ ಸದ್ದು ಆಮೇಲೆ ಬಂತು. ಮೊದಲು ಬಂದಿದ್ದು ಚಾಟಿ ಬೀಸಿದಂಥ ಸದ್ದು. ನೆಲ ಹಿಡಿಯುವ ಬಟನ್ ಪಟ್ಟಿ ಇಡಿಯಾಗಿ ಕಿತ್ತು ಬಂದು, ಚಕ್ರದ ಜೊತೆ ಎರಡು ಸುತ್ತು ತಿರುಗಿ, ಹಾರಿತು.

ಮುಂದಿನ ಟೈರ್ ಹೋದರೆ ಗಾಡಿ ಒಂದು ಕಡೆ ಎಳೆಯುತ್ತದೆ, ಸ್ಟೀರಿಂಗ್ ಗಟ್ಟಿ ಹಿಡಿದು ಹೇಗೋ ಸಂಭಾಳಿಸಬಹುದು. ತಿರುವಿನಲ್ಲಿ ಹಿಂದಿನ ಟೈರ್ ಹೋದರೆ ಗಾಡಿ ಬಾಲ ಬೀಸುತ್ತದೆ. ಆಗ ಡ್ರೈವರ್ ಕೈಯಲ್ಲಿ ಏನೂ ಉಳಿಯುವುದಿಲ್ಲ. ಆ ಕಾರು ಗಿರಕಿ ಹೊಡೆದು ಚೀಲಗಳಿಗೆ ಅಡ್ಡಲಾಗಿ ಬಡಿಯಿತು. ಹುಡುಗನಿಗೆ ದೊಡ್ಡ ಪೆಟ್ಟಾಗಲಿಲ್ಲ. ಹಾರಿದ ಪಟ್ಟಿ ಮಾತ್ರ ತಿರುವಿನ ಹೊರಗಡೆ ಹಳದಿ ಬಾವುಟ ಹಿಡಿದು ನಿಂತಿದ್ದ ಸ್ವಯಂಸೇವಕನ ಬಲಗೈಗೆ ಬಡಿಯಿತು. ಮಣಿಕಟ್ಟು ಎರಡು ಕಡೆ ಮುರಿದಿತ್ತು. ಆಂಬುಲೆನ್ಸ್ ಇರಲಿಲ್ಲ, ಯಾರದೋ ಜೀಪಿನಲ್ಲಿ ಆಸ್ಪತ್ರೆಗೆ ಒಯ್ದೆವು. ಪ್ಲೇಟ್ ಹಾಕಿದರು. ಆತ ಡಿಗ್ರಿ ಕೊನೆಯ ವರ್ಷದ ಹುಡುಗ. ಪರೀಕ್ಷೆಯನ್ನು ಬೇರೆಯವರ ಕೈಯಿಂದ ಬರೆಸಬೇಕಾಯಿತು. ಅದೇ ಪಟ್ಟಿ ಒಂದು ಅಡಿ ಮೇಲೆ ಹಾರಿದ್ದರೆ ಮುಖಕ್ಕೆ ಬೀಳುತ್ತಿತ್ತು. ಇದನ್ನು ನೆನೆದು ನಾನು ಎಷ್ಟೋ ರಾತ್ರಿ ಎದ್ದು ಕೂತಿದ್ದೇನೆ.

ಸಂಜೆ ಎಲ್ಲರೂ ಹೋದ ಮೇಲೆ ಆ ಪಟ್ಟಿಯನ್ನು ಎತ್ತಿಕೊಂಡು ಅಂಗಡಿಗೆ ತಂದೆ. ಈಗಲೂ ನನ್ನ ಬಳಿ ಇದೆ. ಬಟನ್ ಆಳ ಅಳೆದೆ, ಸುಮಾರು 6 ಮಿ.ಮೀ. ಇತ್ತು. ಕಾರಿನ ಟೈರಿಗೆ ಕನಿಷ್ಠ 1.6 ಮಿ.ಮೀ. ಇರಬೇಕು ಎನ್ನುವುದು ನಿಯಮ. ಅಂದರೆ ಗೇಟಿನಲ್ಲಿ ಕೈಯಾಡಿಸಿದವರಿಗೆ ಅದು ಒಳ್ಳೆ ಟೈರಾಗಿಯೇ ಕಂಡಿರುತ್ತದೆ. ಆಮೇಲೆ ರಿಮ್ಮಿನಲ್ಲಿ ಉಳಿದಿದ್ದ, ಟೈರಿನ ಪಕ್ಕದ ಗೋಡೆಯ ಭಾಗವನ್ನು ಬಿಚ್ಚಿ, ಒದ್ದೆ ಬಟ್ಟೆಯಿಂದ ಒರೆಸಿ ಟಾರ್ಚ್ ಹಿಡಿದೆ. ಬೇಸಿಗೆಯಲ್ಲಿ ನಮ್ಮ ಎರಿ ಹೊಲ ಬಾಯಿ ಬಿಡುತ್ತದಲ್ಲ, ಹಾಗೆ ರಬ್ಬರು ಸಣ್ಣಗೆ ಬಿರುಕು ಬಿಟ್ಟಿತ್ತು. ಬಾಗಿಸಿದರೆ ಒಂದೊಂದು ಬಿರುಕೂ ತೆರೆದುಕೊಳ್ಳುತ್ತಿತ್ತು. ಪಟ್ಟಿಯ ಅಂಚಿನಲ್ಲಿ ಉಕ್ಕಿನ ತಂತಿಗಳು ಪೊರಕೆಯ ಹಾಗೆ ಎದ್ದಿದ್ದವು, ಕೆಲವಕ್ಕೆ ತುಕ್ಕು ಹಿಡಿದಿತ್ತು. ತುಕ್ಕು ಒಂದು ದಿನದಲ್ಲಿ ಹಿಡಿಯುವುದಿಲ್ಲ, ಅಲ್ವಾ? ನೀರಿನ ಪಸೆ ಯಾವತ್ತೋ ಒಳಗೆ ಹೋಗಿದೆ. ಗೋಡೆಯ ಮೇಲೆ ಡಾಟ್ (DOT) ಎಂಬ ಗುರುತು, ಅದರ ಕೊನೆಯಲ್ಲಿ ನಾಲ್ಕು ಅಂಕಿ: 3114. ಅಂದರೆ 2014ನೇ ಇಸವಿಯ 31ನೇ ವಾರ. ಹತ್ತು ವರ್ಷ ದಾಟಿದ ಟೈರು.

ಹುಡುಗನನ್ನು ಕೇಳಿದೆ. ಅದು ಅವನ ಮುತ್ಯಾನ, ಅಂದರೆ ಅಜ್ಜನ, ಕಾರು. ಮುತ್ಯಾ ಹುಣ್ಣಿಮೆಗೊಮ್ಮೆ ಗಾಣಗಾಪುರಕ್ಕೆ ಹೋಗಿ ಬರಲಿಕ್ಕೆ ಬಿಟ್ಟರೆ ಕಾರು ತೆಗೆಯುತ್ತಿರಲಿಲ್ಲ. ಉಳಿದ ದಿನ ತಗಡಿನ ಶೆಡ್ಡಿನಲ್ಲಿ ನಿಂತಿರುತ್ತಿತ್ತು. ಮುತ್ಯಾ ತೀರಿದ ಮೇಲೆ ಹುಡುಗ ಮುಂದಿನ ಎರಡು ಟೈರ್ ಸವೆದಿವೆ ಎಂದು ಹೊಸದು ಹಾಕಿಸಿದ. ಹಿಂದಿನ ಎರಡರಲ್ಲಿ ಬಟನ್ ಚೆನ್ನಾಗಿದೆ ಎಂದು ಹಾಗೇ ಬಿಟ್ಟ. ಇಲ್ಲೇ ನಾವೆಲ್ಲ ಎಡವುತ್ತೇವೆ. ನಮ್ಮ ಸಣ್ಣ ಕಾರುಗಳಲ್ಲಿ ಎಂಜಿನ್ ಎಳೆಯುವುದು ಮುಂದಿನ ಚಕ್ರಗಳನ್ನು. ಬ್ರೇಕಿನ ಭಾರ, ಸ್ಟೀರಿಂಗಿನ ಭಾರವೂ ಮುಂದೆಯೇ ಜಾಸ್ತಿ. ಹಾಗಾಗಿ ಮುಂದಿನ ಟೈರು ಬೇಗ ಸವೆಯುತ್ತದೆ, ಬದಲಾಗುತ್ತದೆ. ಹಿಂದಿನದು ಸವೆಯುವುದಿಲ್ಲ, ಸುಮ್ನೆ ಮುದಿಯಾಗುತ್ತದೆ. ನೋಡಿದವರಿಗೆ ಅದು ಹೊಸದರ ಹಾಗೇ ಕಾಣುತ್ತದೆ.

ಈಗ ನನ್ನ ತಪ್ಪನ್ನೂ ಹೇಳಬೇಕು. ರೇಸಿಗೆ ಎರಡು ದಿನ ಮುಂಚೆ, ಶುಕ್ರವಾರ, ಆ ಹುಡುಗ ನನ್ನ ಅಂಗಡಿಗೇ ಬಂದಿದ್ದ. ‘ಅಣ್ಣಾ, ಗಾಡಿ ಎಡಕ್ಕ ಎಳೀತದ, ಒಂದ್ಸಲ ನೋಡ್ರಿ’ ಎಂದ. ನಾನು ಅಲೈನ್‌ಮೆಂಟ್ ಮಾಡಿದೆ. ಹಿಂದಿನ ಬಟನ್ ನೋಡಿ, ‘ಇನ್ನಾ ಎರಡು ವರ್ಷ ನಡೀತದ ಬಿಡು ತಮ್ಮಾ’ ಎಂದೆ. ಆ ನಾಲ್ಕು ಅಂಕಿ ಟೈರಿನ ಒಂದೇ ಗೋಡೆಯಲ್ಲಿ ಪೂರ್ತಿ ಇರುತ್ತದೆ. ಎಷ್ಟೋ ಸಲ ಆ ಗೋಡೆ ಒಳಮುಖವಾಗಿ ಕೂತಿರುತ್ತದೆ. ಓದಬೇಕಾದರೆ ಗಾಡಿ ಕೆಳಗೆ ತಲೆ ಹಾಕಬೇಕು. ಅವತ್ತು ಗಾಡಿ ಲಿಫ್ಟಿನ ಮೇಲೇ ಇತ್ತು. ತಲೆ ಎತ್ತಿ ಓದಿದ್ದರೆ ಸಾಕಾಗಿತ್ತು. ನಾನು ಓದಲಿಲ್ಲ. ಸ್ವಯಂಸೇವಕ ಹುಡುಗನ ಮನೆಗೆ ಹೋಗಿ ಅವನ ತಾಯಿಯ ಮುಂದೆ ಇದನ್ನು ಹೇಳಿ ಬಂದಿದ್ದೇನೆ. ಈಗ ನಿಮ್ಮೆಲ್ಲರ ಮುಂದೆ ಹೇಳುತ್ತಿದ್ದೇನೆ.

ನನ್ನ ದೂರು ಇರುವುದು ಆಮೇಲೆ ನಡೆದದ್ದರ ಬಗ್ಗೆ. ಒಂದು ವಾರ ಬಿಟ್ಟು ಸಂಘಟಕರು ಸಭೆ ಕರೆದರು. ನಾನು ಆ ಪಟ್ಟಿಯನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಹೋಗಿ ಮೇಜಿನ ಮೇಲೆ ಇಟ್ಟೆ. ಯಾರೂ ಮುಟ್ಟಿ ನೋಡಲಿಲ್ಲ. ‘ಡ್ರೈವರ್ ಲೈನ್ ತಪ್ಪಿದ’ ಎಂದು ಬರೆದುಕೊಂಡರು. ತಿರುವಿಗೆ ಬರುವ ಮುಂಚೆಯೇ ಟೈರು ಬಿಚ್ಚುತ್ತಿತ್ತು, ಹುಡುಗನನ್ನು ಕರೆದು ಕೇಳಿ ಎಂದೆ. ಅವನು ನನಗೆ ಹೇಳಿದ್ದ: ‘ಎರಡು ಸುತ್ತಿನಿಂದ ಹಿಂದ ಧಡಧಡ ಅಂತಿತ್ತು ಅಣ್ಣಾ, ರಸ್ತಿನೇ ಹಂಗದ ಅನ್ಕೊಂಡೆ.’ ಆ ಧಡಧಡವೇ ಪಟ್ಟಿ ಬಿಡುವ ಸೂಚನೆ. ಸಭೆಯಲ್ಲಿ ಒಬ್ಬ ಹಿರಿಯರು ನನ್ನ ಹೆಗಲ ಮೇಲೆ ಕೈಯಿಟ್ಟು, ‘ರೇಸ್ ಅಂದ್ಮ್ಯಾಲ ರಿಸ್ಕ್ ಇದ್ದೇ ಇರ್ತದ, ನೀವ್ಯಾಕ ಇಷ್ಟ ಮನಸಿಗಿ ಹಚ್ಕೊತೀರಿ’ ಎಂದರು. ಅವರ ಮೇಲೆ ನನಗೆ ಗೌರವವಿದೆ. ಆದರೆ ತಿರುವಿನಲ್ಲಿ ಬ್ರೇಕ್ ತಡವಾಗಿ ಒತ್ತುವುದು ರಿಸ್ಕು. ಅದನ್ನು ಓಡಿಸುವವನು ತಿಳಿದೇ ತೆಗೆದುಕೊಳ್ಳುತ್ತಾನೆ. ಹತ್ತು ವರ್ಷದ ಟೈರು ಯಾರಿಗೂ ಗೊತ್ತಿಲ್ಲದೆ ಗಾಡಿಯ ಕೆಳಗೆ ಕೂತಿರುವುದು ರಿಸ್ಕ್ ಅಲ್ಲ. ಅದು ನಾವು ನೋಡದೆ ಬಿಟ್ಟಿದ್ದು.

ಟೈರು ಯಾಕೆ ಮುದಿಯಾಗುತ್ತದೆ ಎಂದು ಕೇಳುವವರಿಗೆ ನನಗೆ ತಿಳಿದಷ್ಟು ಹೇಳುತ್ತೇನೆ. ರಬ್ಬರಿಗೆ ಗಂಧಕ ಸೇರಿಸಿ ಕಾಯಿಸಿ ಗಟ್ಟಿ ಮಾಡಿ ಟೈರ್ ಮಾಡುತ್ತಾರೆ. ಅದು ಕಾರ್ಖಾನೆಯಿಂದ ಹೊರಬಿದ್ದ ಮೇಲೂ ಬದಲಾಗುತ್ತಲೇ ಇರುತ್ತದೆ. ಗಾಳಿಯ ಆಮ್ಲಜನಕ ರಬ್ಬರನ್ನು ತಿನ್ನುತ್ತದೆ. ಹೊರಗಿನ ಗಾಳಿ ಮಾತ್ರ ಅಲ್ಲ, ಟೈರಿನೊಳಗೆ ತುಂಬಿದ ಹವಾ ಕೂಡ ಒತ್ತಡಕ್ಕೆ ಗೋಡೆಯೊಳಗೆ ಮೆಲ್ಲಗೆ ಇಳಿದು, ಉಕ್ಕಿನ ಪದರಗಳ ನಡುವೆ ಇರುವ ರಬ್ಬರನ್ನು ಒಳಗಿಂದಲೇ ಗಡಸು ಮಾಡುತ್ತದೆ. ಹೊರಗಿನಿಂದ ಇದು ಕಾಣುವುದಿಲ್ಲ. ಬಿರುಕು ತಡೆಯಲು ರಬ್ಬರಿನಲ್ಲಿ ಮೇಣದಂಥ ಪದಾರ್ಥ ಬೆರೆಸಿರುತ್ತಾರೆ. ಗಾಡಿ ಓಡಾಡುತ್ತಿದ್ದರೆ ಟೈರು ಬಾಗಿ ಬಾಗಿ ಅದು ಮೇಲಕ್ಕೆ ಬಂದು ಕಾಪಾಡುತ್ತದೆ. ನಿಂತೇ ಇರುವ ಗಾಡಿಗೆ ಆ ರಕ್ಷಣೆಯೂ ಕಡಿಮೆ. ಮುತ್ಯಾನ ಕಾರಿನ ಟೈರು ಕಡಿಮೆ ಓಡಿದ್ದು ಒಳ್ಳೆಯದೇ ಆಯಿತು ಎಂದು ನಾವು ತಿಳಿದಿದ್ದೆವು. ನಿಜವಾಗಿ ಅದು ತಗಡಿನ ಕೆಳಗೆ ಹತ್ತು ಬೇಸಿಗೆ ಬೆಂದಿತ್ತು.

ಬೇಸಿಗೆಯ ಮಾತನ್ನು ನಮ್ಮ ಊರಿನವರು ಗಮನವಿಟ್ಟು ಕೇಳಬೇಕು. ಬಿಸಿ ಜಾಸ್ತಿಯಾದಷ್ಟೂ ರಬ್ಬರು ಬೇಗ ಮುದಿಯಾಗುತ್ತದೆ. ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ 2007ರಲ್ಲಿ ಅಲ್ಲಿನ ಸಂಸತ್ತಿಗೆ ಟೈರಿನ ವಯಸ್ಸಿನ ಬಗ್ಗೆ ಒಂದು ವರದಿ ಕೊಟ್ಟಿತು. ಒಂದು ದೊಡ್ಡ ವಿಮಾ ಕಂಪನಿಯ ಲೆಕ್ಕ ಅದರಲ್ಲಿತ್ತು. ಟೆಕ್ಸಸ್, ಅರಿಜೋನಾ, ಫ್ಲೋರಿಡಾದಂಥ ಐದು ಬಿಸಿ ರಾಜ್ಯಗಳಲ್ಲಿ ಆ ಕಂಪನಿಯ ಗ್ರಾಹಕರು ಶೇ 27 ಮಾತ್ರ ಇದ್ದರು. ಟೈರಿಗೆ ಸಂಬಂಧಿಸಿದ ವಿಮಾ ಅರ್ಜಿಗಳು ಮಾತ್ರ ಶೇ 77ರಷ್ಟು ಆ ಐದು ರಾಜ್ಯಗಳಿಂದಲೇ ಬಂದಿದ್ದವು. ಅದರಲ್ಲೂ ಶೇ 84ರಷ್ಟು ಆರು ವರ್ಷ ದಾಟಿದ ಟೈರುಗಳು. ಮೇ ತಿಂಗಳಲ್ಲಿ 42, 43 ಡಿಗ್ರಿ ಕಾಣುವ ಕಲಬುರಗಿಯಲ್ಲಿ ಕೂತು ಈ ಲೆಕ್ಕ ಓದಿದಾಗ ನನಗೆ ಅದು ದೂರದ ಊರಿನ ಸುದ್ದಿ ಅನ್ನಿಸಲಿಲ್ಲ. ಅನೇಕ ಕಾರು ಕಂಪನಿಗಳು ಆರು ವರ್ಷಕ್ಕೆ ಟೈರ್ ಬದಲಿಸಿ ಎನ್ನುತ್ತವೆ. ಹತ್ತು ವರ್ಷ ಮೀರಿ ಬೇಡವೇ ಬೇಡ ಎಂದು ಟೈರ್ ಕಂಪನಿಗಳೇ ಹೇಳುತ್ತವೆ. ಅದು ಕೂಡ ಸಾಧಾರಣ ರಸ್ತೆಯಲ್ಲಿ ಓಡುವ ಗಾಡಿಗೆ ಹೇಳಿದ ಮಾತು, ರೇಸಿಗಲ್ಲ.

ಆ ಟೈರಿನ ಮೇಲೆ ‘ಟಿ’ ಎಂಬ ಅಕ್ಷರವೂ ಇತ್ತು. ಗಂಟೆಗೆ 190 ಕಿ.ಮೀ. ವೇಗ ತಡೆಯುತ್ತದೆ ಎಂದು ಅದರ ಅರ್ಥ. ನಮ್ಮ ಲೇಔಟಿನ ರಸ್ತೆಯಲ್ಲಿ ಯಾವ ಗಾಡಿಯೂ 110 ದಾಟಿರಲಾರದು. ಸಭೆಯಲ್ಲಿ ಇದನ್ನೇ ಹಿಡಿದು ಒಬ್ಬರು ವಾದಿಸಿದರು. ಆ ಅಕ್ಷರ ಕೊಟ್ಟ ಮಾತು ಒಳ್ಳೆ ಸ್ಥಿತಿಯ ಟೈರಿಗೆ, ಸರಿಯಾದ ಹವಾ ಇದ್ದಾಗಿನ ಮಾತು. ನಮ್ಮಲ್ಲಿ ಎರಡೂ ಇರಲಿಲ್ಲ.

ಹೌದು, ಹವಾ ಕೂಡ ಸರಿ ಇರಲಿಲ್ಲ. ಆ ಕಾರಿನ ಬಾಗಿಲ ಚೌಕಟ್ಟಿನ ಸ್ಟಿಕ್ಕರಿನಲ್ಲಿ ಹಿಂದಿನ ಟೈರಿಗೆ 30 ಪಿಎಸ್‌ಐ (ಹವಾದ ಒತ್ತಡದ ಅಳತೆ) ಎಂದಿದೆ. ಹುಡುಗ ಬೆಳಿಗ್ಗೆ 22ಕ್ಕೆ ಇಳಿಸಿದ್ದ. ಯಾಕೆ ಎಂದರೆ, ಹವಾ ಕಡಿಮೆ ಇದ್ದರೆ ಹಿಡಿತ ಜಾಸ್ತಿ ಎಂದು ಯಾರೋ ಹೇಳಿದ್ದರಂತೆ. ಈ ಮಾತು ನಮ್ಮ ಎಲ್ಲ ರೇಸುಗಳಲ್ಲೂ ಓಡಾಡುತ್ತದೆ. ಮರಳಿನಲ್ಲಿ, ಮಳೆಗಾಲದ ಎರಿ ಮಣ್ಣಿನಲ್ಲಿ ಮೆಲ್ಲಗೆ ಹೋಗುವ ಗಾಡಿಗೆ ಅದು ನಿಜ. ಟೈರ್ ಹರಡಿಕೊಂಡು ಹೂತುಕೊಳ್ಳದೆ ಸಾಗುತ್ತದೆ. ಡಾಂಬರಿನ ಮೇಲೆ ಜೋರಾಗಿ ಹೋಗುವ ಗಾಡಿಗೆ ಅದೇ ಅಪಾಯ. ಹವಾ ಕಡಿಮೆ ಇರುವ ಟೈರು ಪ್ರತಿ ಸುತ್ತಿಗೂ ಜಾಸ್ತಿ ಬಾಗುತ್ತದೆ. ಒಂದು ತಂತಿಯನ್ನು ಆಕಡೆ ಈಕಡೆ ಹತ್ತು ಸಲ ಬಾಗಿಸಿ ಮುಟ್ಟಿ ನೋಡಿ, ಬಿಸಿಯಾಗಿರುತ್ತದೆ. ಟೈರು ನಿಮಿಷಕ್ಕೆ ನೂರಾರು ಸಲ ಬಾಗುತ್ತದೆ. ಆ ಬಿಸಿ ಎಲ್ಲಕ್ಕಿಂತ ಜಾಸ್ತಿ ಸೇರುವುದು ಉಕ್ಕಿನ ಪದರದ ಅಂಚಿನಲ್ಲಿ. ಮುದಿಯಾದ ರಬ್ಬರು ಬಿಡುವುದೂ ಅಲ್ಲೇ.

ಇನ್ನೊಂದು ಅಭ್ಯಾಸವನ್ನು ನಾನು ಪ್ರತಿ ರೇಸಿನಲ್ಲೂ ನೋಡುತ್ತೇನೆ. ಟೈರು ಬಿಸಿಯಾದರೆ ಒಳಗಿನ ಹವಾದ ಒತ್ತಡ ಏರುತ್ತದೆ. ಆರೇಳು ಡಿಗ್ರಿಗೆ ಸುಮಾರು 1 ಪಿಎಸ್‌ಐ. 30 ಡಿಗ್ರಿಯಲ್ಲಿ 32 ಇದ್ದ ಟೈರು 90 ಡಿಗ್ರಿಗೆ ಕಾದರೆ 41ರ ಹತ್ತಿರ ಬರುತ್ತದೆ. ನಮ್ಮ ಹುಡುಗರು ಗಾಬರಿಯಾಗಿ ಬಿಸಿ ಇರುವಾಗಲೇ ಹವಾ ಬಿಟ್ಟು ಮತ್ತೆ 32ಕ್ಕೆ ತರುತ್ತಾರೆ. ರೇಸ್ ಮುಗಿಯುತ್ತದೆ. ಟೈರು ತಣ್ಣಗಾಗುತ್ತದೆ. ರಾತ್ರಿ 20 ಡಿಗ್ರಿ ಚಳಿಯಲ್ಲಿ ಅದೇ ಟೈರಿನಲ್ಲಿ ಉಳಿಯುವುದು 23. ಆ 23ರ ಮೇಲೆ ನಾಲ್ಕು ಜನ ಗೆಳೆಯರನ್ನು ಕೂರಿಸಿಕೊಂಡು ಜೇವರ್ಗಿ ಕಡೆಗೋ ಹುಮನಾಬಾದ್ ಕಡೆಗೋ ಹೆದ್ದಾರಿಯಲ್ಲಿ ಮನೆಗೆ ಹೋಗುತ್ತಾರೆ. ರೇಸಿನಲ್ಲಿ ಏನೂ ಆಗದ ಟೈರು ದಾರಿಯಲ್ಲಿ ಹೋದರೆ ಅದು ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ, ಆದರೆ ಆ ಮನೆಯ ಲೆಕ್ಕಕ್ಕೆ ಬರುತ್ತದೆ. ಟ್ರ್ಯಾಕಿನಲ್ಲಿ ಬಿಸಿ ಹವಾ ಇಳಿಸುವುದೇ ತಪ್ಪು ಎಂದು ನಾನು ಹೇಳುವುದಿಲ್ಲ. ತಿಳಿದವರು ಇಳಿಸುತ್ತಾರೆ, ಬರೆದಿಡುತ್ತಾರೆ, ಹೋಗುವಾಗ ಮತ್ತೆ ತುಂಬಿಸಿಕೊಂಡು ಹೋಗುತ್ತಾರೆ. ನಮ್ಮಲ್ಲಿ ಆ ಕೊನೆಯ ಕೆಲಸ ಆಗುವುದಿಲ್ಲ.

ನೈಟ್ರೋಜನ್ ಹಾಕಿಸಿದ್ದೇನೆ, ನನಗೆ ಇದೆಲ್ಲ ಇಲ್ಲ ಎನ್ನುವವರೂ ಇದ್ದಾರೆ. ಸಾಮಾನ್ಯ ಗಾಳಿಯಲ್ಲೇ ಶೇ 78ರಷ್ಟು ನೈಟ್ರೋಜನ್ ಇದೆ. ತೇವ ಇಲ್ಲದಿರುವುದು, ಆಮ್ಲಜನಕ ಇಲ್ಲದಿರುವುದು ಅದರ ಲಾಭ. ಬಿಸಿಯಾದರೆ ಒತ್ತಡ ಅದರಲ್ಲೂ ಏರುತ್ತದೆ, ಹತ್ತು ವರ್ಷದ ಟೈರನ್ನು ಅದು ಹೊಸದು ಮಾಡುವುದಿಲ್ಲ.

ಹವಾ ಅಳೆಯುವ ಗೇಜಿನ ಮಾತೂ ಹೇಳಿಬಿಡುತ್ತೇನೆ. ಆ ಘಟನೆ ಆದ ಮೇಲೆ ಒಂದು ಬೆಳಿಗ್ಗೆ ನನ್ನ ಗಾಡಿಯ ಒಂದೇ ಟೈರನ್ನು ನಮ್ಮ ರಸ್ತೆಯ ಐದು ಅಂಗಡಿಗಳಲ್ಲಿ ಅಳೆಸಿದೆ. ನನ್ನ ಗೇಜಿನಲ್ಲಿ 30 ಇತ್ತು. ಒಂದು ಕಡೆ 27 ಎಂದರು, ಒಂದು ಕಡೆ 34. ಪಂಚರ್ ಅಂಗಡಿಯ ಕಾಕಾ, ‘ಈ ಗೇಜ್ ಬಿದ್ದು ಬಿದ್ದು ಹಿಂಗಾಗ್ಯದಪಾ’ ಎಂದು ಪ್ರಾಮಾಣಿಕವಾಗಿ ಹೇಳಿದರು. ಒಬ್ಬೊಬ್ಬ ಸ್ಪರ್ಧಿ ಒಂದೊಂದು ಅಂಗಡಿಯಲ್ಲಿ ಹವಾ ಹಾಕಿಸಿಕೊಂಡು ಬಂದರೆ ಅವರೆಲ್ಲ ಹೇಳುವ 30 ಒಂದೇ 30 ಅಲ್ಲ.

ದೊಡ್ಡ ರೇಸಿನವರಿಗೂ ಈ ವಿಷಯದಲ್ಲಿ ಪೆಟ್ಟು ಬಿದ್ದಿದೆ. 2021ರ ಜೂನ್‌ನಲ್ಲಿ ಅಜರ್‌ಬೈಜಾನಿನ ಬಾಕು ನಗರದ ಫಾರ್ಮುಲಾ ಒನ್ ರೇಸಿನಲ್ಲಿ ಮ್ಯಾಕ್ಸ್ ವರ್ಸ್ಟಾಪನ್ ಎಲ್ಲರಿಗಿಂತ ಮುಂದಿದ್ದರು. ಮುಗಿಯಲು ಐದೇ ಸುತ್ತು ಬಾಕಿ ಇತ್ತು. ನೇರ ರಸ್ತೆಯಲ್ಲಿ ಅವರ ಹಿಂದಿನ ಎಡ ಟೈರು ಹೋಯಿತು. ಅದೇ ರೇಸಿನಲ್ಲಿ ಲ್ಯಾನ್ಸ್ ಸ್ಟ್ರೋಲ್ ಅವರದ್ದೂ ಅದೇ ಟೈರು ಹೋಗಿತ್ತು. ಅವು ಅವತ್ತಿಗೆಂದೇ ಹಾಕಿದ ಹೊಸ ಟೈರುಗಳು, ಎದುರಿಗೆ ಇಂಜಿನಿಯರುಗಳ ಸೈನ್ಯ. ಆದರೂ ಹೋದವು. ಆಮೇಲೆ ವಿಶ್ವ ಮೋಟಾರ್ ಕ್ರೀಡಾ ಸಂಸ್ಥೆ ಏನು ಮಾಡಿತು? ಡ್ರೈವರನ್ನು ಬೈಯಲಿಲ್ಲ. ಟೈರಿನ ಹವಾ ಪರೀಕ್ಷೆಯನ್ನು ಇನ್ನೂ ಬಿಗಿ ಮಾಡಿತು. ನಮ್ಮ ಪಕ್ಕದ ಮಹಾರಾಷ್ಟ್ರದಲ್ಲಿ ನಾಗಪುರ-ಮುಂಬೈ ಸಮೃದ್ಧಿ ಹೆದ್ದಾರಿಯಲ್ಲಿ ಟೈರ್ ಒಡೆದು ಅಪಘಾತಗಳು ಆದಾಗ, 2023ರಲ್ಲಿ ಅಲ್ಲಿನ ಸಾರಿಗೆ ಅಧಿಕಾರಿಗಳು ಒಳಗೆ ಹೋಗುವ ಗಾಡಿಗಳ ಟೈರ್ ನೋಡಿ, ಬೋಳಾಗಿದ್ದವನ್ನು ವಾಪಸ್ ಕಳಿಸಲು ಶುರು ಮಾಡಿದರು. ಸಾವಿರಾರು ಗಾಡಿ ಹೋಗುವ ಹೆದ್ದಾರಿಯಲ್ಲಿ ಆಗುವ ಕೆಲಸ, ಮೂವತ್ತು ಗಾಡಿ ಸೇರುವ ನಮ್ಮ ಗೇಟಿನಲ್ಲಿ ಆಗಲಾರದೇ?

ಖರ್ಚಿನ ಪ್ರಶ್ನೆ ನನಗೆ ಗೊತ್ತಿದೆ. ಸಣ್ಣ ಕಾರಿನ ನಾಲ್ಕು ಟೈರಿಗೆ ಹನ್ನೆರಡರಿಂದ ಹದಿನೈದು ಸಾವಿರ ಬೇಕು. ತೊಗರಿ ಮಾರಿದ ದುಡ್ಡಿನಲ್ಲಿ ಗಾಡಿ ರಿಪೇರಿ ಮಾಡಿಸಿಕೊಂಡು ಬರುವ ಹುಡುಗರು ನನ್ನ ಅಂಗಡಿಗೇ ಬರುತ್ತಾರೆ. ಅವರ ಕೈಯಿಂದ ಆಗದಂಥ ನಿಯಮ ಮಾಡಬೇಡಿ ಎಂದು ನಾನೂ ಕೇಳುತ್ತೇನೆ. ಆದರೆ ಹವಾಗೆ ದುಡ್ಡು ಬೇಡ. ನಾಲ್ಕು ಅಂಕಿ ಓದಲು ದುಡ್ಡು ಬೇಡ. ಇನ್ನೊಂದು ನೋಡಿ. ನಗರದಿಂದ ಸೆಕೆಂಡ್ ಹ್ಯಾಂಡ್ ಟೈರುಗಳು ಲಾರಿಯಲ್ಲಿ ಬಂದು ನಮ್ಮಲ್ಲಿ ಮಾರಾಟವಾಗುತ್ತವೆ. ಕಪ್ಪು ಪಾಲಿಶ್ ಹಚ್ಚಿದರೆ ಬಿರುಕು ಮುಚ್ಚಿಹೋಗುತ್ತದೆ. ಎರಡು ಸಾವಿರ ಉಳಿಯಿತು ಎಂದು ಹುಡುಗ ಖುಷಿಪಡುತ್ತಾನೆ. ನೀವು ಗೇಟಿನಲ್ಲಿ ದಿನಾಂಕ ಕೇಳಲು ಶುರು ಮಾಡಿದರೆ ಅವನು ಅಂಗಡಿಯಲ್ಲೇ ದಿನಾಂಕ ಕೇಳಿ ಕೊಳ್ಳುತ್ತಾನೆ. ಮಾರುವವರೂ ಎಚ್ಚರವಾಗುತ್ತಾರೆ.

ಆದ್ದರಿಂದ ನಿಮ್ಮಲ್ಲಿ ನನ್ನ ವಿನಂತಿ. ಎಂಟ್ರಿ ಫಾರ್ಮಿನಲ್ಲಿ ಸ್ಪರ್ಧಿಯ ರಕ್ತದ ಗುಂಪು ಬರೆಸುತ್ತೀರಿ, ಒಳ್ಳೆಯದು. ಅದರ ಕೆಳಗೆ ನಾಲ್ಕು ಟೈರಿಗೆ ನಾಲ್ಕು ಖಾನೆ ಹಾಕಿ, ತಯಾರಿಯ ವಾರ ಮತ್ತು ವರ್ಷ ಬರೆಸಿ. ಬೈಕಿಗೆ ಎರಡು. ಅಂಕಿ ಒಳಮುಖವಾಗಿದ್ದರೆ ಜಾಕ್ ಹಾಕಿ, ಚಕ್ರ ಬಿಚ್ಚಿ ಓದಲಿ, ಅದು ಸ್ಪರ್ಧಿಯ ಕೆಲಸ. ಆರು ವರ್ಷ ದಾಟಿದ ಟೈರನ್ನು ಟ್ರ್ಯಾಕಿಗೆ ಬಿಡಬೇಡಿ. ಸ್ಪರ್ಧಿ ನಿಮ್ಮ ಸ್ನೇಹಿತನಾದರೂ, ಪ್ರಾಯೋಜಕರ ಮಗನಾದರೂ ಬಿಡಬೇಡಿ. ಆರು ವರ್ಷದೊಳಗಿನದಾದರೂ ಗೋಡೆಯಲ್ಲಿ ಬಿರುಕು, ಉಬ್ಬು, ಕಾಣುವ ನೂಲು ಇದ್ದರೆ ಅದೂ ಬೇಡ. ರೀಟ್ರೆಡ್ ಮಾಡಿಸಿದ್ದು (ಹಳೇ ಟೈರಿಗೆ ಹೊಸ ಬಟನ್ ಪಟ್ಟಿ ಅಂಟಿಸಿದ್ದು), ಬೋಳಾದ ಮೇಲೆ ಬಟನ್ ಕೊಯ್ದಿದ್ದು, ಗೋಡೆಗೆ ಪಂಚರ್ ಹಾಕಿದ್ದು ಯಾವುದೂ ಬೇಡ. ಮುಂದೆ ಹೊಸದು, ಹಿಂದೆ ಹಳೆಯದು ಹಾಕಿಕೊಂಡು ಬಂದವರನ್ನು ವಿಶೇಷವಾಗಿ ನೋಡಿ. ರಬ್ಬರಿನ ವಾಲ್ವ್ ಬುಡವನ್ನು ಬೆರಳಿನಿಂದ ಬಾಗಿಸಿ ನೋಡಿ, ಅದೂ ಟೈರಿನಷ್ಟೇ ಮುದಿಯಾಗಿರುತ್ತದೆ.

ಒಂದು ಒಳ್ಳೆ ಗೇಜು ಸಂಘಟಕರ ಹತ್ತಿರವೇ ಇರಲಿ. ಎಲ್ಲರ ಹವಾವನ್ನೂ ಅದರಲ್ಲೇ ಅಳೆಯಿರಿ. ಬೆಳಿಗ್ಗೆ ತಣ್ಣಗಿರುವಾಗ ಒಮ್ಮೆ, ಟ್ರ್ಯಾಕಿನಿಂದ ಬಂದ ಕೂಡಲೇ ಒಮ್ಮೆ, ಮನೆಗೆ ಹೋಗುವ ಮುಂಚೆ ಒಮ್ಮೆ. ಮೂರೂ ಅಂಕಿ ರಿಜಿಸ್ಟರಿನಲ್ಲಿ ಬರಲಿ. ಜನವರಿ ಬೆಳಿಗ್ಗೆ 15 ಡಿಗ್ರಿಯಲ್ಲಿ ಹಾಕಿದ 30, ಮಧ್ಯಾಹ್ನ 32 ಡಿಗ್ರಿಗೆ ನಿಂತಲ್ಲೇ ಎರಡೂವರೆ ಏರಿರುತ್ತದೆ. ಅದು ಗೊತ್ತಿದ್ದರೆ ಯಾರೂ ಗಾಬರಿಯಾಗುವುದಿಲ್ಲ. ಕಾರು ಕಂಪನಿ ಹೇಳಿದ ತಣ್ಣನೆ ಹವಾಕ್ಕಿಂತ ಕೆಳಗೆ ಇಳಿಸಿಕೊಂಡು ಶುರು ಮಾಡಲು ಯಾರಿಗೂ ಬಿಡಬೇಡಿ. ಬಾಗಿಲಲ್ಲಿ ಸ್ಟಿಕ್ಕರ್ ಇದೆ, ಓದಿಸಿ. ಹಿಂದೆ ಧಡಧಡ ಬಂದರೆ ಕೂಡಲೇ ನಿಧಾನಿಸಿ ಹೊರಗೆ ಬರಬೇಕು ಎಂದು ಓಟಕ್ಕೆ ಮುಂಚೆ ಎಲ್ಲರಿಗೂ ಮೈಕಿನಲ್ಲಿ ಹೇಳಿ. ಹಾಗೆ ಬಂದವನಿಗೆ ಇನ್ನೊಂದು ಅವಕಾಶ ಕೊಡಿ. ಫೀಸು ಹೋಗುತ್ತದೆ ಎಂಬ ಹೆದರಿಕೆಗೇ ಎಷ್ಟೋ ಹುಡುಗರು ಸುತ್ತು ಮುಗಿಸಲು ನೋಡುತ್ತಾರೆ.

ಬಾವುಟ ಹಿಡಿಯುವ ಮಕ್ಕಳನ್ನು ತಿರುವಿನ ಹೊರಗಡೆ ನಿಲ್ಲಿಸಬೇಡಿ. ಬಿಚ್ಚಿದ ಪಟ್ಟಿ, ಜಾರಿದ ಗಾಡಿ ಎರಡೂ ಬರುವುದು ಆ ಕಡೆಗೇ. ಒಳಗಡೆ, ಚೀಲಗಳ ಹಿಂದೆ ನಿಲ್ಲಿಸಿ. ಆಂಬುಲೆನ್ಸ್ ಗೇಟಿಗೆ ಬಂದು ನಿಲ್ಲುವವರೆಗೆ ಮೊದಲ ಗಾಡಿ ಶುರು ಮಾಡಬೇಡಿ.

ನಮ್ಮ ದೇಶದಲ್ಲಿ ಮೋಟಾರ್ ಕ್ರೀಡೆ ನೋಡಿಕೊಳ್ಳಲು ಎಫ್‌ಎಂಎಸ್‌ಸಿಐ ಎಂಬ ಒಕ್ಕೂಟವಿದೆ. ಅದರ ಅನುಮತಿ ಪಡೆದ ರೇಸುಗಳಲ್ಲಿ ಓಟಕ್ಕೆ ಮುಂಚೆ ಗಾಡಿ ತಪಾಸಣೆಗೆಂದೇ ಜನ ಇರುತ್ತಾರೆ. ನಮ್ಮ ಭಾಗದ ಸಂಘಟಕರು ಒಟ್ಟಾಗಿ ಅವರ ಬಳಿ ಹೋಗಿ ಅನುಮತಿ, ತರಬೇತಿ ಎರಡನ್ನೂ ಕೇಳಬೇಕು ಎನ್ನುವುದು ನನ್ನ ಆಸೆ. ಅದಕ್ಕೆ ಸಮಯ ಹಿಡಿಯುತ್ತದೆ, ಗೊತ್ತು. ಟೈರಿನ ಖಾನೆ ಹಾಕಲು ಸಮಯ ಬೇಡ.

ಬೀದರಿನಲ್ಲಿ ಮುಂದಿನ ತಿಂಗಳು ರೇಸ್ ಇದೆ ಎಂದು ಕೇಳಿದೆ. ಸಂಘಟಕರು ಒಪ್ಪಿದರೆ ಅವತ್ತು ಬೆಳಿಗ್ಗೆ ಆರು ಗಂಟೆಗೆ ಅಂಗಡಿ ಮುಚ್ಚಿಕೊಂಡು ಬಂದು ನಿಮ್ಮ ಗೇಟಿನಲ್ಲಿ ನಿಲ್ಲುತ್ತೇನೆ. ಜಾಕ್, ಟಾರ್ಚ್, ಗೇಜ್, ಬಟನ್ ಅಳೆಯುವ ಕಡ್ಡಿ ನನ್ನದೇ ತರುತ್ತೇನೆ. ಆ ಪಟ್ಟಿಯನ್ನೂ ತಂದು ಮೇಜಿನ ಮೇಲೆ ಇಡುತ್ತೇನೆ, ಪ್ರತಿಯೊಬ್ಬ ಹುಡುಗನೂ ಮುಟ್ಟಿ ನೋಡಲಿ. ದುಡ್ಡು ಬೇಡ. ನಿಮ್ಮಿಂದ ಒಂದು ಮೇಜು, ಒಂದು ರಿಜಿಸ್ಟರ್ ಬೇಕು. ಜೊತೆಗೆ, ಯಾವುದೇ ಗಾಡಿಗೆ ‘ಇವತ್ತು ಇಲ್ಲ’ ಎಂದು ನಾನು ಹೇಳಿದರೆ ಅದನ್ನು ಯಾರೂ ತಿದ್ದಬಾರದು ಎಂಬ ನಿಮ್ಮ ಸಹಿ ಇರುವ ಒಂದು ಚೀಟಿ ಬೇಕು. ನಿಮ್ಮ ಉತ್ತರಕ್ಕೆ ಕಾಯುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಹುಮನಾಬಾದ್ ರಸ್ತೆಯ ಒಬ್ಬ ವೀಲ್ ಅಲೈನ್‌ಮೆಂಟ್ ಅಂಗಡಿಯವನು,
ಕಲಬುರಗಿ.